ಟೆಕ್ಸಾಸ್ ಫುಟ್‌ಬಾಲ್: ಯಾವ ಶಾಲೆ ಯಾವ ಗುಂಪಿಗೆ?

ಅಮೆರಿಕದ ಟೆಕ್ಸಾಸ್‌ನಲ್ಲಿ ಶುಕ್ರವಾರ ಸಂಜೆ ಅಂದರೆ ಹೈಸ್ಕೂಲ್ ಫುಟ್‌ಬಾಲ್. ನಮ್ಮ ಕಾಲ್ಚೆಂಡಲ್ಲ, ಚೆಂಡು ಹಿಡಿದು ಓಡುವ ಅಮೆರಿಕನ್ ಆಟ. ಯಾರ ಎದುರು ಯಾರು ಆಡಬೇಕೆಂದು ಅಲ್ಲಿ ಶಾಲೆಗಳ ಸ್ಪರ್ಧೆ ನಡೆಸುವ ಯುಐಎಲ್ ಸಂಸ್ಥೆ ತೀರ್ಮಾನಿಸುತ್ತದೆ.

ಮೊದಲು ತಲೆ ಎಣಿಕೆ. ಅಕ್ಟೋಬರ್ ಕೊನೆಯಲ್ಲಿ 9ರಿಂದ 12ನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಲೆಕ್ಕ ಹಾಕುತ್ತಾರೆ. ತಂಡ ಹಿಂದೆ ಎಷ್ಟು ಗೆದ್ದಿತ್ತು ಅನ್ನುವುದನ್ನು ನೋಡುವುದಿಲ್ಲ. ಇದು ನನಗೆ ತುಂಬಾ ಸರಿ ಅನಿಸುತ್ತದೆ. 200 ಮಕ್ಕಳಲ್ಲಿ 11 ಆಟಗಾರರನ್ನು ಹುಡುಕುವುದೂ 3 ಸಾವಿರದಲ್ಲಿ ಹುಡುಕುವುದೂ ಒಂದೇ ಅಲ್ಲ, ಅಲ್ವಾ?

ಆಮೇಲೆ ಶಾಲೆಗಳನ್ನು 1ಎಯಿಂದ 6ಎವರೆಗೆ ಆರು ಮಟ್ಟಗಳಾಗಿ ವಿಂಗಡಿಸುತ್ತಾರೆ. 2024ರ ವಿಂಗಡಣೆಯಲ್ಲಿ 6ಎಗೆ 2275 ಮಕ್ಕಳು ಬೇಕಿತ್ತು. 105ಕ್ಕಿಂತ ಕಡಿಮೆ ಇದ್ದರೆ 1ಎ. ಅಲ್ಲಿ ತಂಡಕ್ಕೆ 6 ಜನ ಸಾಕು, ಮೈದಾನವೂ ಚಿಕ್ಕದು, 80 ಗಜ ಉದ್ದ. ಊರು ಸಣ್ಣದೆಂದು ಆಟ ನಿಲ್ಲಬೇಕಿಲ್ಲ. ಈ ಏರ್ಪಾಟು ನನಗೆ ಬಹಳ ಇಷ್ಟ.

ಮುಂದಿನದು ನಕ್ಷೆಯ ಕೆಲಸ. ಒಂದೇ ಮಟ್ಟದ, ಹತ್ತಿರದ ಶಾಲೆಗಳನ್ನು ಸೇರಿಸಿ 'ಡಿಸ್ಟ್ರಿಕ್ಟ್', ಅಂದರೆ ತಮ್ಮತಮ್ಮಲ್ಲೇ ಆಡುವ ಗುಂಪು ಮಾಡುತ್ತಾರೆ. ಇದು ಸುಲಭವಲ್ಲ. ಟೆಕ್ಸಾಸ್‌ನದೇ ಊರಾದ ಎಲ್ ಪಾಸೊ ಅಲ್ಲಿನ ಇನ್ನೊಂದು ನಗರ ಡಾಲಸ್‌ನಿಂದ ಸುಮಾರು ಸಾವಿರ ಕಿಲೋಮೀಟರ್ ದೂರ! ಶಾಲೆ ಮುಗಿಸಿದ ಮಕ್ಕಳನ್ನು ಬಸ್ಸಿನಲ್ಲಿ ಎಷ್ಟು ದೂರ ಕೂರಿಸಲು ಸಾಧ್ಯ?

ಇನ್ನು ಡಿವಿಜನ್, ಅಂದರೆ ಒಂದೊಂದು ಮಟ್ಟವನ್ನೂ ಎರಡಾಗಿ ಹಂಚುವುದು. 1ಎಯಿಂದ 5ಎವರೆಗೆ ಸೀಸನ್‌ಗೆ ಮೊದಲೇ ದೊಡ್ಡ ಶಾಲೆಗಳು ಡಿವಿಜನ್ 1ಕ್ಕೆ, ಚಿಕ್ಕವು 2ಕ್ಕೆ. 6ಎಯಲ್ಲಿ ಮಾತ್ರ ಬೇರೆ ರೀತಿ. ಪ್ರತಿ ಡಿಸ್ಟ್ರಿಕ್ಟ್‌ನಿಂದ ಪ್ಲೇಆಫ್‌ಗೆ, ಅಂದರೆ ಸೋತರೆ ಹೊರಬೀಳುವ ಕೊನೆಯ ಹಂತಕ್ಕೆ ಬಂದ 4 ತಂಡಗಳಲ್ಲಿ ಮಕ್ಕಳು ಜಾಸ್ತಿ ಇರುವ 2 ಶಾಲೆಗಳು ಡಿವಿಜನ್ 1, ಉಳಿದೆರಡು ಡಿವಿಜನ್ 2. ಹೀಗೆ ವರ್ಷಕ್ಕೆ 12 ರಾಜ್ಯ ಚಾಂಪಿಯನ್‌ಗಳು.

ಹೊಸ ಶಾಲೆ ಕಟ್ಟುವಾಗಲೂ ಈ ಲೆಕ್ಕ ಕೆಲಸ ಮಾಡುತ್ತದೆ. ಡಾಲಸ್ ಹತ್ತಿರದ ಆಲೆನ್ ಪಟ್ಟಣ 5 ಸಾವಿರಕ್ಕೂ ಜಾಸ್ತಿ ಮಕ್ಕಳಿರುವ ಒಂದೇ ಹೈಸ್ಕೂಲ್ ಇಟ್ಟುಕೊಂಡಿದೆ. 2012ರಲ್ಲಿ ಅದಕ್ಕೆ 18 ಸಾವಿರ ಆಸನಗಳ ಸ್ಟೇಡಿಯಂ ಬಂತು. ಅಲ್ಲೇ ಹತ್ತಿರದ ಫ್ರಿಸ್ಕೊ ಪಟ್ಟಣ ಹಲವು ಚಿಕ್ಕ ಶಾಲೆಗಳನ್ನೇ ಕಟ್ಟಿತು. ಅಲ್ಲಿ ಜಾಸ್ತಿ ಹುಡುಗರಿಗೆ ತಂಡದಲ್ಲಿ ಜಾಗ ಸಿಗುತ್ತದೆ. ಎರಡು ವರ್ಷಕ್ಕೊಮ್ಮೆ ಫೆಬ್ರುವರಿ ಹೊತ್ತಿಗೆ ಹೊಸ ಪಟ್ಟಿ ಬರುತ್ತದೆ. ಆ ದಿನ ಕೋಚ್‌ಗಳು ಮೊದಲು ಹುಡುಕುವುದು ತಮ್ಮ ಶಾಲೆಯ ಹೆಸರನ್ನಲ್ಲ, ಅದರ ಜೊತೆ ಯಾರಿದ್ದಾರೆ ಅನ್ನುವುದನ್ನು.