ನಲವತ್ತರ ಮೇಲೆ ಡೇಟ್ ತಪ್ಪಿದ್ರೆ ಮೊದಲು ಏನು ಮಾಡ್ಬೇಕು?

ನಲವತ್ತು ದಾಟಿದೋರಿಗೆ ಡೇಟ್ ತಪ್ತು ಅಂದ್ರೆ ಅಕ್ಕಪಕ್ಕದೋರು ಹೇಳೋದು ಒಂದೇ ಮಾತು, 'ನಿಲ್ಲೋ ಟೈಮ್ ಬಂತು ಬಿಡಿ'. ಇರಬಹುದು. ನಮ್ಮ ದೇಶದಲ್ಲಿ ಸರಾಸರಿ 46-47ರ ಆಸುಪಾಸಲ್ಲಿ ಮುಟ್ಟು ನಿಲ್ಲುತ್ತೆ, ಅದಕ್ಕೂ ಕೆಲವು ವರ್ಷ ಮುಂಚೆಯಿಂದಾನೇ ಏರುಪೇರು ಶುರು. ಆದ್ರೆ ಬೇರೆ ಕಾರಣ ಇಲ್ಲ ಅಂತ ಗೊತ್ತಾಗೋ ತನಕ ಆ ಮಾತು ಒಪ್ಕೋಬೇಡಿ.

ಮೊದಲು ಪ್ರೆಗ್ನೆನ್ಸಿ ಟೆಸ್ಟ್. ಮಗಳು ಕಾಲೇಜಿಗೆ ಹೋಗ್ತಿದಾಳೆ, ಮೆಡಿಕಲ್ ಶಾಪಲ್ಲಿ ಕಿಟ್ ಹೇಗೆ ಕೇಳೋದು ಅಂತ ಸಂಕೋಚಪಟ್ಟು ಮೂರ್ನಾಲ್ಕು ತಿಂಗಳು ತಳ್ಳಿಬಿಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಮುಟ್ಟು ಹೆಚ್ಚುಕಮ್ಮಿ ಆಗ್ತಿದ್ರೂ ಆಗಾಗ ಅಂಡ ಬಿಡುಗಡೆ ಆಗ್ತಾನೇ ಇರುತ್ತೆ. ಬೆಳಿಗ್ಗೆ ಎದ್ದ ತಕ್ಷಣದ ಮೂತ್ರದಲ್ಲಿ ನೋಡಿ, ನೆಗೆಟಿವ್ ಬಂದೂ ಮುಟ್ಟು ಆಗದಿದ್ರೆ ವಾರ ಬಿಟ್ಟು ಇನ್ನೊಂದ್ಸಲ. 'ನಂಗೆ ಮಕ್ಕಳಾಗದ ಹಾಗೆ ಆಪರೇಷನ್ ಆಗಿದೆ' ಅನ್ನೋರೂ ಮಾಡ್ಕೊಳ್ಳಿ, ಅಪರೂಪಕ್ಕೆ ಅದು ಫೇಲ್ ಆಗುತ್ತೆ, ಆಗ ಗರ್ಭ ನಳಿಕೆಯಲ್ಲೇ ನಿಲ್ಲೋ ಚಾನ್ಸ್ ಜಾಸ್ತಿ. ಜೊತೆಗೆ ಹೊಟ್ಟೆಯ ಒಂದು ಕಡೆ ಜೋರು ನೋವು, ತಲೆಸುತ್ತು ಇದ್ರೆ ಆ ಕ್ಷಣವೇ ಆಸ್ಪತ್ರೆಗೆ ಹೋಗ್ಬೇಕು.

ಆಮೇಲೆ ನೀವು ತಗೊಂಡ ಮಾತ್ರೆ ಎಲ್ಲಾ ನೆನಪು ಮಾಡ್ಕೊಳ್ಳಿ. ವರಮಹಾಲಕ್ಷ್ಮಿ ಹಬ್ಬಕ್ಕೆ ಅಂತ ಮುಂದೂಡೋ ಮಾತ್ರೆ ನುಂಗಿದ್ರಾ? ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ತಿಂಗಳಿಗೊಮ್ಮೆ ಕೊಡೋ 'ಅಂತರ' ಅನ್ನೋ ಗರ್ಭನಿರೋಧಕ ಇಂಜೆಕ್ಷನ್? ಅದ್ರಿಂದ ಮುಟ್ಟು ನಿಲ್ಲೋದು ಮಾಮೂಲು. ವಾಂತಿಗೆ ಕೊಡೋ ಡೊಂಪೆರಿಡೋನ್, ಕೆಲವು ಮಾನಸಿಕ ಕಾಯಿಲೆ ಮಾತ್ರೆ ಕೂಡ ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್ ಏರಿಸಿ ಮುಟ್ಟು ತಪ್ಪಿಸುತ್ತೆ, ಹಾಗಂತ ನೀವೇ ನಿಲ್ಲಿಸ್ಬೇಡಿ, ಡಾಕ್ಟರಿಗೆ ಹೇಳಿ.

ಮೂರನೇದು ರಕ್ತ ಪರೀಕ್ಷೆ. ಥೈರಾಯ್ಡ್‌ನ ಟಿಎಸ್‌ಎಚ್ ಮತ್ತೆ ಪ್ರೊಲ್ಯಾಕ್ಟಿನ್ ನೋಡಿಸ್ಲೇಬೇಕು. ಸುಸ್ತು, ಮೈ ಊದ್ಕೊಳ್ಳೋದು, ಕೂದಲು ಉದುರೋದು ಇದನ್ನೆಲ್ಲಾ ವಯಸ್ಸಿನ ಮೇಲೆ ಹಾಕಿ ಥೈರಾಯ್ಡ್ ಗೊತ್ತೇ ಆಗದೆ ಇರೋ ಹೆಂಗಸರು ಎಷ್ಟೋ ಜನ, ಅದೇ ನನಗೆ ಬೇಜಾರು. ಹಳೇ ಪಿಸಿಒಡಿ (ಅಂಡಾಶಯದ ಹಾರ್ಮೋನ್ ಏರುಪೇರು), ಸಡನ್ ಆಗಿ ತೂಕ ಏರೋದು ಇಳಿಯೋದು, ತೀರಾ ಟೆನ್ಷನ್ ಇವೂ ಕಾರಣ. ಎಫ್‌ಎಸ್‌ಎಚ್ ಅನ್ನೋ ಹಾರ್ಮೋನ್ ಟೆಸ್ಟ್ ಒಂದೇ ಸಲ ನೋಡಿ ಮುಟ್ಟು ನಿಂತೇಹೋಯ್ತು ಅನ್ನೋಕಾಗಲ್ಲ, ಈ ವಯಸ್ಸಲ್ಲಿ ಅದು ಇವತ್ತೊಂದು ನಾಳೆ ಒಂದು.

ಡೇಟ್‌ಗಳನ್ನ ಕ್ಯಾಲೆಂಡರ್‌ನಲ್ಲಿ ಬರೀತಾ ಹೋಗಿ. 45ರೊಳಗೇ ಮೂರು ತಿಂಗಳು ಬರ್ಲಿಲ್ಲ ಅಂದ್ರೆ ಕಾಯಬೇಡಿ, ಬೇಗ ನಿಂತ್ರೆ ಮೂಳೆಗೂ ಹೃದಯಕ್ಕೂ ಪೆಟ್ಟು. ಸತತ 12 ತಿಂಗಳು ಬರದಿದ್ರೆ ಮಾತ್ರ ನಿಂತಿದೆ ಅಂತ ಲೆಕ್ಕ, ಆದ್ರೂ 50ರ ಕೆಳಗಿನೋರು ಕೊನೇ ಮುಟ್ಟಾಗಿ ಎರಡು ವರ್ಷ ಗರ್ಭನಿರೋಧಕ ಬಿಡಬಾರ್ದು. ತಿಂಗಳುಗಟ್ಟಲೆ ಬರದೇ ಆಮೇಲೆ ಗಂಟೆಗೊಂದು ಪ್ಯಾಡ್ ಒದ್ದೆ ಆಗೋ ಹಾಗೆ ಹೋದ್ರೆ, ಅಥವಾ ಒಂದು ವರ್ಷ ನಿಂತ ಮೇಲೆ ಸ್ವಲ್ಪವೇ ಕಲೆ ಕಂಡ್ರೂ, ಸ್ಕ್ಯಾನ್ ಮಾಡಿಸಿ ಗರ್ಭಕೋಶದ ಒಳಪದರ ನೋಡಿಸ್ಬೇಕು, ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಆಗೋವರೆಗೂ ಬಿಡಬೇಡಿ.