ಕೋಪೆಪಾಡ್ ಬಿಟ್ಟ ನೀರಲ್ಲಿ ಬ್ಯಾಕ್ಟೀರಿಯಾ ಬೆಳೆಸಿದ್ದು: ನನ್ನ ಅನುಭವ

"ನೀನು ಎಣಿಸ್ತಿರೋದು ಸತ್ತ ಪ್ರಾಣಿ ಕೊಳೆತು ಬೆಳೆದ ಬ್ಯಾಕ್ಟೀರಿಯಾ" ಅಂತ ಲ್ಯಾಬಿನಲ್ಲಿ ಹೇಳದವರಿಲ್ಲ. ಕೋಪೆಪಾಡ್ (ಸಮುದ್ರದಲ್ಲಿ ತೇಲಾಡುವ, ಸಿಗಡಿಯ ದೂರದ ನೆಂಟನಾದ ಪುಟ್ಟ ಪ್ರಾಣಿ) ಬದುಕಿರುವಾಗಲೇ ನೀರಿಗೆ ಬಿಡುವ ಸಾವಯವ ವಸ್ತು ಬ್ಯಾಕ್ಟೀರಿಯಾಗಳ ಹೊಟ್ಟೆ ಸೇರುತ್ತೆ ಅಂತ ಪುಸ್ತಕದಲ್ಲೇನೋ ಇದೆ. ಕಾರವಾರದ ನೀರಲ್ಲಿ ಅದನ್ನು ತೋರಿಸೋದು ಬೇರೆ ಮಾತು. ಈ ಸಲ ತೋರಿಸಿದೆ.

ಅವರ ಅನುಮಾನದಲ್ಲೂ ಹುರುಳಿತ್ತು. 200 ಮೈಕ್ರಾನ್ ಬಲೆಯನ್ನು ಎಲ್ಲರ ಹಾಗೆ ಹತ್ತು ನಿಮಿಷ ಎಳೆದರೆ ತುದಿಯ ಡಬ್ಬಿಯಲ್ಲಿ ಪ್ರಾಣಿಗಳು ಒಂದರ ಮೇಲೊಂದು ಬಿದ್ದು ಜಜ್ಜಿಹೋಗುತ್ತವೆ. ಒಂದಿಷ್ಟನ್ನು ಬೇರೆ ತೆಗೆದು ನ್ಯೂಟ್ರಲ್ ರೆಡ್ ಅನ್ನೋ ಬಣ್ಣ ಹಾಕಿ ನೋಡಿ: ಬದುಕಿದ್ದವು ಕೆಂಪಾಗುತ್ತವೆ, ಸತ್ತವು ಪೇಲವವಾಗಿ ತಳದಲ್ಲಿ ಬಿದ್ದಿರುತ್ತವೆ. ಈಗ ನಾನು ಎರಡೇ ನಿಮಿಷ, ತುಂಬಾ ನಿಧಾನ ಎಳೆಯುತ್ತೇನೆ. ಚುರುಕಾಗಿ ಜಿಗಿಯುವ ಅಕಾರ್ಷಿಯಾ, ಟೆಮೋರಾ ಜಾತಿಯ ಕೋಪೆಪಾಡ್‌ಗಳನ್ನು ಮಾತ್ರ ಅಗಲ ಬಾಯಿಯ ಪಿಪೆಟ್‌ನಲ್ಲಿ ಒಂದೊಂದಾಗಿ ಆರಿಸುತ್ತೇನೆ. ಮೈಗೆ ಅಂಟಿದ ಬ್ಯಾಕ್ಟೀರಿಯಾ ತೊಳೆಯೋದು ಹೇಗೆ ಅನ್ನೋದನ್ನು ಸದ್ಯಕ್ಕೆ ಹೇಳಲ್ಲ, ಪೇಪರ್ ಬರಲಿ.

ಲೀಟರ್ ನೀರಿಗೆ ಐವತ್ತರ ಆಸುಪಾಸು ಪ್ರಾಣಿ ಬಿಟ್ಟು, ನಾಲ್ಕು ಗಂಟೆ ಇಟ್ಟರೆ ಸಾಕು. ರಾತ್ರಿಯಿಡೀ ಬಿಟ್ಟರೆ ಮತ್ತೆ ಅದೇ ಸಾವಿನ ತಗಾದೆ. ಆಮೇಲೆ ಪ್ರಾಣಿ ತೆಗೆದು, ನೀರನ್ನು 0.2 ಮೈಕ್ರಾನ್ ಫಿಲ್ಟರಿನಲ್ಲಿ ಇಳಿಸಿ ಬ್ಯಾಕ್ಟೀರಿಯಾ ತೆಗೆದು, ಹೊಸದಾಗಿ ಬ್ಯಾಕ್ಟೀರಿಯಾ ಬಿತ್ತೋಕೆ 0.8 ಮೈಕ್ರಾನ್‌ನಲ್ಲಿ ಸೋಸಿದ ಸಮುದ್ರದ ನೀರು ಹತ್ತಕ್ಕೊಂದು ಪಾಲು ಸೇರಿಸೋದು. ಸೋಸದೆ ಹಾಕಿದರೆ ಫ್ಲಾಜೆಲೇಟ್ ಅನ್ನೋ ಏಕಕೋಶ ಜೀವಿಗಳು ಬ್ಯಾಕ್ಟೀರಿಯಾವನ್ನು ತಿಂದು ಮುಗಿಸುತ್ತವೆ, ನಿಮಗೆ ಎಣಿಸಲು ಏನೂ ಉಳಿಯಲ್ಲ.

ದುಡ್ಡು ಹೋಗಿದ್ದೆಲ್ಲ ಫಿಲ್ಟರಿಗೆ. ಪ್ಯಾಕೆಟ್ಟಿಗೆ ಏಳು ಸಾವಿರದ ಹತ್ತಿರ, ಮೇಲೆ ದೋಣಿಗೆ ಒಂದು ಸಲಕ್ಕೆ ಎರಡೂವರೆ ಮೂರು ಸಾವಿರ. ಹೊಸ ಫಿಲ್ಟರ್ ತಾನೇ ಕಾರ್ಬನ್ ಬಿಡುತ್ತೆ, ಅದಕ್ಕೇ ಹೋಲಿಕೆಗೆ ಅಂತ ಕೋಪೆಪಾಡ್ ಹಾಕದೆ ಇಟ್ಟ ಕಂಟ್ರೋಲ್ ಬಾಟಲಿಯಲ್ಲೂ ಬ್ಯಾಕ್ಟೀರಿಯಾ ಉಬ್ಬುತ್ತಿತ್ತು. ಮೊದಲ ಇನ್ನೂರು ಮಿಲಿ ಚೆಲ್ಲಿಬಿಡಿ, ವ್ಯಾಕ್ಯೂಮ್ ಕಮ್ಮಿ ಇಡಿ. ಗಾಜಿನ ಸಾಮಾನನ್ನು, ಅಂಟಿದ ಕಾರ್ಬನ್ ಹೋಗಲಿ ಅಂತ, 450 ಡಿಗ್ರಿಯಲ್ಲಿ ಸುಡಬೇಕು.

ಶುರುವಿನಲ್ಲಿ ಮಿಲಿಗೆ ಲಕ್ಷದಷ್ಟು ಬ್ಯಾಕ್ಟೀರಿಯಾ ಇತ್ತು. ಒಂದು ದಿನಕ್ಕೆ ಕಂಟ್ರೋಲ್ ನಾಲ್ಕು ಲಕ್ಷ, ಕೋಪೆಪಾಡ್ ನೀರು ಎಂಟೊಂಬತ್ತು. ಕೋಶದ ಡಿಎನ್‌ಎ ಹೊಳೆಯುವಂತೆ ಮಾಡುವ ಡ್ಯಾಪಿ ಬಣ್ಣ ಹಾಕಿ ನೋಡಿದರೆ ಕೋಶಗಳೂ ದಪ್ಪಗಿದ್ದವು. ಅನುಮಾನಪಟ್ಟವರೇ ಬಂದು ಮೈಕ್ರೋಸ್ಕೋಪಿನಲ್ಲಿ ಇಣುಕಿದರು!

ಸುಮ್ನೆ ಕುತೂಹಲಕ್ಕೆ ಪ್ರಾಣಿಗಳಿಗೆ ಸ್ಕೆಲೆಟೋನೀಮಾ ಅನ್ನೋ ಸೂಕ್ಷ್ಮ ಪಾಚಿ ತಿನ್ನಿಸಿಯೂ ನೋಡಿದೆ. ತಿನ್ನುವಾಗ ಪಾಚಿ ಒಡೆದು ಸೋರುತ್ತೆ, ಹಿಕ್ಕೆಯಿಂದಲೂ ಸೋರುತ್ತೆ, ಹಾಗಾಗಿ ಬ್ಯಾಕ್ಟೀರಿಯಾ ಇನ್ನೂ ಜಾಸ್ತಿ. ಆದರೆ ಪಾಚಿಯೂ ತನ್ನಷ್ಟಕ್ಕೆ ಕಾರ್ಬನ್ ಬಿಡುತ್ತಲ್ವಾ, ಅದಕ್ಕೊಂದು ಬೇರೆ ಕಂಟ್ರೋಲ್ ಬೇಕು, ಅಂದರೆ ಮತ್ತೊಂದು ಪ್ಯಾಕೆಟ್ ಫಿಲ್ಟರ್. ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲರ್ ಬಲೆಗೆ ಸಿಕ್ಕ ಲೋಳೆ ಮೀನಿನ (ಜೆಲ್ಲಿಫಿಶ್) ಚೂರನ್ನೂ ಒಂದು ಬಾಟಲಿಗೆ ಹಾಕಿದ್ದೆ. ಮರುದಿನಕ್ಕೆ ನೀರು ಕದಡಿ, ಮುಚ್ಚಳ ತೆಗೆದರೆ ನಾತ. ಎಣಿಸುವಷ್ಟು ತೆಳು ಮಾಡೋಕೆ ನೂರು ಪಟ್ಟು ನೀರು ಬೆರೆಸಬೇಕಾಯ್ತು.