ಐದಾರು ಜನರ ಕುಟುಂಬಕ್ಕೆ ಕ್ರೂಸ್ ಕ್ಯಾಬಿನ್ ಆರಿಸುವುದು ಹೇಗೆ?

ಕ್ರೂಸ್ ಪ್ರವಾಸಕ್ಕೆ ಹೊರಡುವ ದೊಡ್ಡ ಕುಟುಂಬಗಳು ಹಡಗನ್ನು ಆರಿಸುವಾಗ ಎಡವುವುದು ಕಡಿಮೆ, ಕ್ಯಾಬಿನ್ ಆರಿಸುವಾಗಲೇ ಹೆಚ್ಚು. ಜಾಹೀರಾತಿನ ದರವನ್ನು ತಲೆಗಳ ಸಂಖ್ಯೆಯಿಂದ ಗುಣಿಸಿ, ಬಾಲ್ಕನಿಯ ಚಿತ್ರಕ್ಕೆ ಮಾರುಹೋಗಿ, ‘ಅಕ್ಕಪಕ್ಕದ ಎರಡು ಕೋಣೆ ಸಾಕು’ ಎಂದು ಹಣ ಕಟ್ಟಿಬಿಡುತ್ತಾರೆ. ಎರಡು ಕೋಣೆಗಳ ನಡುವೆ ಬಾಗಿಲೇ ಇಲ್ಲವೆಂಬುದು ಹಡಗು ಹತ್ತಿದ ಮೇಲೆ ತಿಳಿಯುತ್ತದೆ.

ಮೊದಲ ಹಂತ: ಒಟ್ಟು ಮೊತ್ತದ ಲೆಕ್ಕ

ಕ್ರೂಸ್ ದರವನ್ನು ಸಾಮಾನ್ಯವಾಗಿ ಒಂದು ಕ್ಯಾಬಿನ್‌ಗೆ ಇಬ್ಬರು ಎಂಬ ಲೆಕ್ಕದಲ್ಲಿ ನಿಗದಿ ಮಾಡುತ್ತಾರೆ. ಅದೇ ಕ್ಯಾಬಿನ್‌ನ ಮೂರನೆಯ ಮತ್ತು ನಾಲ್ಕನೆಯ ಪ್ರಯಾಣಿಕರಿಗೆ ದರ ಬಹುಮಟ್ಟಿಗೆ ಕಡಿಮೆ. ಒಬ್ಬರೇ ಒಂದು ಕ್ಯಾಬಿನ್ ಹಿಡಿದರೆ ಹಲವೆಡೆ ಇಬ್ಬರ ದರವನ್ನೇ ತೆರಬೇಕು. ಆದ್ದರಿಂದ ಐವರನ್ನು ನಾಲ್ಕು ಮತ್ತು ಒಂದಾಗಿ ಒಡೆಯುವುದಕ್ಕಿಂತ ಮೂರು ಮತ್ತು ಎರಡಾಗಿ ಒಡೆಯುವುದೇ ಹೆಚ್ಚಾಗಿ ಲಾಭ. ‘ಮಕ್ಕಳಿಗೆ ಉಚಿತ’ ಎಂಬ ಕೊಡುಗೆಯನ್ನು ನೆಚ್ಚಿಕೊಳ್ಳಬೇಡಿ. ಅಲ್ಲಿ ಮನ್ನಾ ಆಗುವುದು ಮೂಲ ದರ ಮಾತ್ರ. ಬಂದರು ಶುಲ್ಕ, ತೆರಿಗೆ, ಬಹುಪಾಲು ಹಡಗುಗಳಲ್ಲಿ ದಿನವಹಿ ಟಿಪ್ಸ್ ಕೂಡ ಮಕ್ಕಳ ಲೆಕ್ಕಕ್ಕೂ ಸೇರುತ್ತವೆ. ಒಂದೇ ದಿನಾಂಕಕ್ಕೆ ಒಂದು ಫ್ಯಾಮಿಲಿ ಕ್ಯಾಬಿನ್, ಎರಡು ಕಿಟಕಿಯಿಲ್ಲದ ಇನ್‌ಸೈಡ್ ಕ್ಯಾಬಿನ್, ಒಂದು ಇನ್‌ಸೈಡ್ ಮತ್ತು ಒಂದು ಬಾಲ್ಕನಿ ಎಂದು ಮೂರು ಬಗೆಯಲ್ಲಿ ಬುಕಿಂಗ್ ಪ್ರಯತ್ನಿಸಿ, ಹಣ ಕಟ್ಟುವ ಪುಟದ ಕೊನೆಯ ಮೊತ್ತಗಳನ್ನು ಹೋಲಿಸಿ ನೋಡಬೇಕು. ಎರಡು ಇನ್‌ಸೈಡ್ ಕ್ಯಾಬಿನ್‌ಗಳು ಒಂದು ದೊಡ್ಡ ಫ್ಯಾಮಿಲಿ ಕ್ಯಾಬಿನ್‌ಗಿಂತ ಅಗ್ಗವಾಗಿ ಸಿಗುವುದು ಅಪರೂಪವೇನಲ್ಲ, ಜೊತೆಗೆ ಎರಡು ಸ್ನಾನದ ಮನೆಗಳೂ ಸಿಗುತ್ತವೆ.

ಕೈಗೂಸಿದ್ದರೆ ವಯಸ್ಸಿನ ನಿಯಮವನ್ನು ಮೊದಲೇ ಓದಿಕೊಳ್ಳಿ: ಅನೇಕ ಕಂಪನಿಗಳು ಆರು ತಿಂಗಳು ತುಂಬದ ಮಗುವನ್ನು ಹತ್ತಿಸಿಕೊಳ್ಳುವುದಿಲ್ಲ, ಸಾಗರ ದಾಟುವ ದೀರ್ಘ ಯಾನಗಳಿಗೆ ಒಂದು ವರ್ಷ ಆಗಿರಬೇಕು.

ಎರಡನೆಯ ಹಂತ: ಹಾಸಿಗೆಯ ಎಣಿಕೆ

ನಾಲ್ಕು ಹಾಸಿಗೆಗಳಿರುವ ಕ್ಯಾಬಿನ್ ಖಾಲಿಯಿದ್ದರೂ ‘ಮೂವರಿಗಷ್ಟೇ ಅವಕಾಶ’ ಎಂದು ಬುಕಿಂಗ್ ವ್ಯವಸ್ಥೆ ಹೇಳಿದರೆ ಅದನ್ನು ತಾಂತ್ರಿಕ ದೋಷವೆಂದು ತಿಳಿಯಬಾರದು. ಹಡಗಿನ ಪ್ರತಿ ಭಾಗದ ಕ್ಯಾಬಿನ್‌ಗಳನ್ನೂ ತುರ್ತು ಸಮಯದಲ್ಲಿ ಸೇರಬೇಕಾದ ಒಂದು ಮಸ್ಟರ್ ಸ್ಟೇಷನ್‌ಗೂ ಅದರ ಜೀವರಕ್ಷಕ ದೋಣಿಗಳಿಗೂ ಜೋಡಿಸಿರುತ್ತಾರೆ. ಆ ದೋಣಿಗಳ ಸ್ಥಾನಗಳು ತುಂಬಿದರೆ ಹಾಸಿಗೆ ಖಾಲಿಯಿದ್ದರೂ ಜನರನ್ನು ಸೇರಿಸುವಂತಿಲ್ಲ. ತೊಟ್ಟಿಲಲ್ಲಿ ಮಲಗುವ ಕೂಸೂ ಈ ಎಣಿಕೆಗೆ ಒಂದು ತಲೆಯೇ. ಕೊನೆಯ ಗಳಿಗೆಯ ರಿಯಾಯಿತಿಗೆ ಕಾಯುವ ಉಪಾಯ ದಂಪತಿಗಳಿಗೆ ಒಗ್ಗುತ್ತದೆ, ದೊಡ್ಡ ಕುಟುಂಬಕ್ಕಲ್ಲ. ಮೂರು ನಾಲ್ಕು ಹಾಸಿಗೆಯ ಕ್ಯಾಬಿನ್‌ಗಳು ಮೊದಲೇ ಖರ್ಚಾಗಿಬಿಡುತ್ತವೆ.

ಐವರೂ ಒಂದೇ ಕೋಣೆಯಲ್ಲಿ ಇರಲೇಬೇಕೆಂದರೆ ಹಡಗನ್ನೇ ಅದಕ್ಕೆ ತಕ್ಕಂತೆ ಆರಿಸಬೇಕಾಗುತ್ತದೆ. ಕಾರ್ನಿವಲ್ ಡ್ರೀಮ್ ಹಡಗಿನಲ್ಲಿ ಐವರು ಮಲಗಬಹುದಾದ, ಎರಡು ಸ್ನಾನದ ಮನೆಗಳಿರುವ ಓಷನ್ ವ್ಯೂ (ಸಮುದ್ರದತ್ತ ಕಿಟಕಿಯಿರುವ) ಕ್ಯಾಬಿನ್‌ಗಳಿವೆ. ಡಿಸ್ನಿ ಹಡಗುಗಳ ಬಹುಪಾಲು ಕ್ಯಾಬಿನ್‌ಗಳಲ್ಲಿ ಶೌಚವೂ ಸ್ನಾನವೂ ಬೇರೆಬೇರೆ ಬಾಗಿಲಿನ ಹಿಂದಿವೆ, ಆದರೆ ಅವುಗಳ ದರವನ್ನು ಅಗ್ಗವೆನ್ನಲಾಗದು.

ಗೋಡೆ ಅಥವಾ ಚಾವಣಿಯಿಂದ ಇಳಿಯುವ ಮೇಲಿನ ಹಾಸಿಗೆಯಲ್ಲಿ ಆರು ವರ್ಷಕ್ಕಿಂತ ಚಿಕ್ಕವರನ್ನು ಮಲಗಿಸಲೇಬಾರದು. ಆರು ದಾಟಿದ ಮಕ್ಕಳು ಎಷ್ಟಿದ್ದಾರೋ ಅಷ್ಟೇ ಮೇಲಿನ ಹಾಸಿಗೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡು, ಉಳಿದವು ಇಲ್ಲವೆಂದೇ ಭಾವಿಸಿ ಕ್ಯಾಬಿನ್ ಹುಡುಕಿ.

ಮೂರನೆಯ ಹಂತ: ನಡುಬಾಗಿಲು

ಜನ ಹೆಚ್ಚು ಮೋಸಹೋಗುವುದು ಇಲ್ಲಿಯೇ. ಪಕ್ಕದ ಕ್ಯಾಬಿನ್ ಬೇರೆ, ಕನೆಕ್ಟಿಂಗ್ ಕ್ಯಾಬಿನ್ ಬೇರೆ. ಕನೆಕ್ಟಿಂಗ್ ಎಂದರೆ ಎರಡು ಕೋಣೆಗಳ ನಡುವಿನ ಗೋಡೆಯಲ್ಲೇ ಬಾಗಿಲಿರುತ್ತದೆ. ಪಕ್ಕದ ಕ್ಯಾಬಿನ್‌ಗೆ ಹೋಗಬೇಕೆಂದರೆ ಕಾರಿಡಾರ್‌ಗೆ ಬರಲೇಬೇಕು. ಕ್ಯಾಬಿನ್‌ನ ಮುಖ್ಯ ಬಾಗಿಲು ಭಾರವಾದದ್ದು, ತಾನಾಗಿಯೇ ಮುಚ್ಚಿಕೊಂಡು ಬೀಗ ಬೀಳುವಂಥದ್ದು. ನಡುರಾತ್ರಿ ಅಮ್ಮನನ್ನು ಹುಡುಕಿಕೊಂಡು ಹೊರಬಂದ ಮಗುವಿನ ಹಿಂದೆ ಅದು ಮುಚ್ಚಿಕೊಂಡರೆ, ಎರಡೂ ಕಡೆ ಒಂದೇ ತೆರನಾದ ಬಾಗಿಲುಗಳ ಸಾಲಿನಲ್ಲಿ ಮಗು ಒಂಟಿಯಾಗಿ ನಿಲ್ಲಬೇಕಾಗುತ್ತದೆ. ಹತ್ತು ವರ್ಷದೊಳಗಿನ ಮಕ್ಕಳಿದ್ದರೆ ಕನೆಕ್ಟಿಂಗ್ ಅಲ್ಲದ ಎರಡು ಕ್ಯಾಬಿನ್ ಯಾವ ದರಕ್ಕೂ ಬೇಡ ಎಂಬುದು ನನ್ನ ಖಚಿತ ಸಲಹೆ. ತಂದೆತಾಯಿಗೆ ಬಾಲ್ಕನಿ, ಮಕ್ಕಳಿಗೆ ಕಾರಿಡಾರಿನ ಎದುರು ಬದಿಯ ಇನ್‌ಸೈಡ್ ಎಂಬ ಜನಪ್ರಿಯ ಉಳಿತಾಯದ ಉಪಾಯ ಹದಿಹರೆಯದವರಿಗೆ ಮಾತ್ರ ಸರಿ.

ಹಡಗಿನ ಡೆಕ್ ಪ್ಲಾನ್, ಅಂದರೆ ಪ್ರತಿ ಅಂತಸ್ತಿನ ನಕ್ಷೆ, ತೆರೆದು, ಅದರ ಅಂಚಿನಲ್ಲಿ ಕೊಟ್ಟಿರುವ ಚಿಹ್ನೆಗಳ ವಿವರಣೆಯನ್ನು ಓದಿಕೊಂಡು, ಎರಡು ಕ್ಯಾಬಿನ್‌ಗಳನ್ನು ಕೂಡಿಸುವ ಗುರುತನ್ನು ಹುಡುಕಿ. ಚಿಹ್ನೆಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ, ಹಾಗಾಗಿ ಹಿಂದಿನ ಪ್ರವಾಸದ ನೆನಪನ್ನು ನಂಬಬೇಡಿ. ಕ್ಯಾಬಿನ್ ಸಂಖ್ಯೆಗಳು ಅನುಕ್ರಮವಾಗಿದ್ದ ಮಾತ್ರಕ್ಕೆ ನಡುವೆ ಬಾಗಿಲಿದೆ ಎಂದೇನಲ್ಲ. ಜೋಡಿಯ ಎರಡೂ ಸಂಖ್ಯೆಗಳನ್ನು ಬರೆದಿಟ್ಟುಕೊಂಡು, ಅವೇ ಸಂಖ್ಯೆಗಳನ್ನು ಒಟ್ಟಿಗೆ ಬುಕ್ ಮಾಡಿ, ಎರಡೂ ಬುಕಿಂಗ್‌ಗಳನ್ನು ಪರಸ್ಪರ ಜೋಡಿಸುವಂತೆ ಕಂಪನಿಗೆ ತಿಳಿಸಬೇಕು. ಎಲ್ಲಕ್ಕಿಂತ ಅಗ್ಗವಾಗಿ ಕಾಣುವ ‘ಗ್ಯಾರಂಟಿ’ ದರದಲ್ಲಿ ಖಾತ್ರಿಯಾಗುವುದು ಕ್ಯಾಬಿನ್‌ನ ದರ್ಜೆ ಮಾತ್ರ. ಸಂಖ್ಯೆಯನ್ನು ಕಂಪನಿಯೇ ಆರಿಸುವುದರಿಂದ ಒಂದು ಕ್ಯಾಬಿನ್ ಮುಂಭಾಗದಲ್ಲಿ, ಇನ್ನೊಂದು ಹಿಂಭಾಗದಲ್ಲಿ ಸಿಕ್ಕರೂ ಕೇಳುವಂತಿಲ್ಲ.

ಹೆಸರು ನಮೂದಿಸುವಾಗ ಪ್ರತಿ ಕ್ಯಾಬಿನ್‌ನಲ್ಲೂ ಒಬ್ಬ ವಯಸ್ಕರಿರಬೇಕೆಂದು ಬುಕಿಂಗ್ ವ್ಯವಸ್ಥೆ ಕೇಳುವುದುಂಟು. ತಂದೆಯ ಹೆಸರನ್ನು ಒಂದರಲ್ಲೂ ತಾಯಿಯ ಹೆಸರನ್ನು ಇನ್ನೊಂದರಲ್ಲೂ ಹಾಕಿ. ಹಡಗಿನಲ್ಲಿ ಯಾರು ಎಲ್ಲಿ ಮಲಗುತ್ತಾರೆ ಎಂಬುದು ನಿಮ್ಮ ಅನುಕೂಲ, ಇನ್ನೊಂದು ಕೋಣೆಯ ಹೆಚ್ಚುವರಿ ಕೀ ಕಾರ್ಡನ್ನು ರಿಸೆಪ್ಷನ್‌ನಲ್ಲಿ ಕೇಳಿ ಪಡೆಯಬಹುದು. ಎರಡೂ ಕೋಣೆಯವರ ಮಸ್ಟರ್ ಸ್ಟೇಷನ್ ಒಂದೇ ಆಗಿದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಲೇಬೇಕು. ನಡುಬಾಗಿಲಿನ ಮೂಲಕ ಸದ್ದು ಚೆನ್ನಾಗಿಯೇ ದಾಟುತ್ತದೆ ಎಂಬ ದೂರು ನಿಜ, ಆದರೆ ಮಕ್ಕಳ ಕೋಣೆಯ ಸದ್ದು ಕೇಳಿಸಬೇಕೆಂಬುದೇ ತಾನೆ ನಮ್ಮ ಉದ್ದೇಶ.

ನಾಲ್ಕನೆಯ ಹಂತ: ಬಾಲ್ಕನಿ ಬೇಕೆ?

ಕಿರಿಯ ಮಗುವಿಗೆ ಐದು ತುಂಬಿಲ್ಲವಾದರೆ ಬೇಡ. ತೆರೆಯಲಾಗದ ಗಾಜಿನ ಕಿಟಕಿಯ ಓಷನ್ ವ್ಯೂ ಕ್ಯಾಬಿನ್ ಕಡಿಮೆ ಖರ್ಚಿನಲ್ಲಿ ಸಮುದ್ರವನ್ನು ತೋರಿಸುತ್ತದೆ. ಅಮೆರಿಕದ 2010ರ ಕ್ರೂಸ್ ಸುರಕ್ಷತಾ ಕಾಯ್ದೆಯು ಬಾಲ್ಕನಿಯ ಕಟಕಟೆ (ರೇಲಿಂಗ್) ಕನಿಷ್ಠ 42 ಇಂಚು ಎತ್ತರವಿರಬೇಕೆಂದು ವಿಧಿಸಿದೆ. ಆದರೆ ಆ ಅಳತೆ ನೆಲದಿಂದ. ಮಗು ಕುರ್ಚಿಯ ಮೇಲೆ ನಿಂತರೆ ಕಟಕಟೆಯ ಅಂಚು ಅದರ ಎದೆಗಿಂತ ಕೆಳಗಿಳಿಯಬಹುದು. ಬಾಲ್ಕನಿ ತೆಗೆದುಕೊಂಡೇ ತೀರುವವರು ಮೊದಲ ದಿನವೇ ಅಲ್ಲಿನ ಮೇಜು ಕುರ್ಚಿಗಳನ್ನು ತೆಗೆಸುವಂತೆ ಕ್ಯಾಬಿನ್ ಸಿಬ್ಬಂದಿಯನ್ನು ಕೇಳಬೇಕು, ಬಾಲ್ಕನಿ ಬಾಗಿಲಿನ ಚಿಲಕ ಮಗುವಿನ ಕೈಗೆಟುಕದ ಎತ್ತರದಲ್ಲಿದೆಯೇ ಎಂದು ನೋಡಬೇಕು. ಬಾಲ್ಕನಿಯ ಬಾಗಿಲು ತೆರೆದಿರುವಾಗ ಮುಖ್ಯ ಬಾಗಿಲು ತೆರೆದರೆ ಗಾಳಿಯ ರಭಸಕ್ಕೆ ಅದು ಧಡಾರನೆ ಬಡಿದುಕೊಳ್ಳುತ್ತದೆ. ಮಕ್ಕಳ ಬೆರಳು ಸಿಕ್ಕಿಕೊಳ್ಳುವುದು ಹೀಗೆಯೇ.

ಆನ್‌ಲೈನ್‌ನಲ್ಲಿ ಮಾರುವ ಬಾಲ್ಕನಿ ಬಲೆ, ಗಾಜಿಗೆ ಅಂಟಿಸುವ ರಬ್ಬರ್ ಬಟ್ಟಲಿನ ಬೀಗ ಇವುಗಳಿಗೆ ಹಣ ಸುರಿಯಬೇಡಿ. ಉಪ್ಪುಗಾಳಿಯ ತೇವಕ್ಕೆ ಅಂಟು ಬಿಡುತ್ತದೆ, ಕಟಕಟೆಗೆ ಏನನ್ನಾದರೂ ಕಟ್ಟಿದರೆ ಸಿಬ್ಬಂದಿಯೇ ಬಿಚ್ಚಿಸಬಹುದು. ಮಗುವಿನ ಸದ್ದನ್ನು ಇನ್ನೊಂದು ಕೋಣೆಗೆ ಕೇಳಿಸುವ ಬೇಬಿ ಮಾನಿಟರ್ ಕೂಡ ಉಕ್ಕಿನ ಗೋಡೆಗಳ ನಡುವೆ ನಂಬಿಕಸ್ತವಲ್ಲ.

ಐದನೆಯ ಹಂತ: ಜಾಗ

ಕೆಳ ಡೆಕ್, ಹಡಗಿನ ಮಧ್ಯಭಾಗ, ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರುವ ಸಾಲು: ಅಲ್ಲಿ ಓಲಾಟವೂ ಸದ್ದೂ ಕಡಿಮೆ.

ಹಡಗು ಹತ್ತಿದ ಮೇಲೆ

ಕತ್ತಲೆ ತುಂಬಿದ ಇನ್‌ಸೈಡ್ ಕ್ಯಾಬಿನ್‌ಗೆ ಬ್ಯಾಟರಿಯ ಪುಟ್ಟ ದೀಪ ಒಯ್ಯಿರಿ. ಸ್ನಾನದ ಮನೆಯ ಎತ್ತರಿಸಿದ ಹೊಸ್ತಿಲನ್ನು ಮಕ್ಕಳು ಎಡವುವುದು ರಾತ್ರಿಯಲ್ಲೇ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡನ್ನು ತಪಾಸಣೆಯಲ್ಲಿ ಕಿತ್ತಿಟ್ಟುಕೊಳ್ಳುತ್ತಾರೆ. ಸುರಕ್ಷತಾ ಕವಾಯತನ್ನು ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ನಡೆಸಬೇಕೆಂಬ ನಿಯಮ, 2012ರಲ್ಲಿ ಕೋಸ್ಟಾ ಕಾನ್‌ಕಾರ್ಡಿಯಾ ಎಂಬ ಕ್ರೂಸ್ ಹಡಗು ಮಗುಚಿದ ದುರಂತದ ಬಳಿಕ, 2015ರಿಂದ ಜಾರಿಯಲ್ಲಿದೆ. ಕವಾಯತಿಗೆ ಮುಂಚೆಯೇ ಪ್ರತಿ ಮಗುವಿಗೂ ಅದರ ಅಳತೆಯ ಲೈಫ್ ಜಾಕೆಟ್ ಎಲ್ಲಿ ಸಿಗುತ್ತದೆಂದು ಕೇಳಿ, ಒಮ್ಮೆ ತೊಡಿಸಿ ಪಟ್ಟಿ ಬಿಗಿದು ನೋಡಿ. ತಲೆಯ ಮೇಲಿಂದ ಜಾರಿ ಹೊರಬರುವಷ್ಟು ಸಡಿಲವಾಗಿದ್ದರೆ ಅಲ್ಲಿಯೇ ಬದಲಿಸಿಕೊಳ್ಳಿ.